ಖಾಲಿ ಗಾಡಿಯ ಅಳತೆ

ಸವಣೂರಿನ ಗಾಡಿ ರಿಪೇರಿ ಮಿಸ್ತ್ರಿ ಖಾಲಿ ಕಾರನ್ನು ಎಂದೂ ಅಳೆಯುತ್ತಿರಲಿಲ್ಲ. "ಖಾಲಿ ಗಾಡಿ ಸುಳ್ಳ ಹೇಳತೈತ್ರಿ" ಎನ್ನುತ್ತಿದ್ದರು.

ನಮ್ಮದು ವೀಳ್ಯದೆಲೆ ತೋಟ. ಎಲೆ ಹೊತ್ತು ಹೊತ್ತು ಹಳೆಯ ಅಂಬಾಸಡರಿನ ಹಿಂಭಾಗ ಕುಸಿದು, ರಸ್ತೆಯ ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜುತ್ತಿತ್ತು. ಭಾರ ಹೊರುವ ಹಿಂದಿನ ಕಮಾನು ಪಟ್ಟಿಗಳನ್ನು ಬಡಿದು ನಾಲ್ಕು ಬೆರಳು ಎತ್ತರಿಸಿಕೊಡಿ ಎಂದೆ. ಮಿಸ್ತ್ರಿ ಸುತ್ತಿಗೆ ಮುಟ್ಟಲಿಲ್ಲ. "ಇದರಾಗ ದಿನಾ ಏನೇನ್ ಹೋಗತೈತಿ, ಅಷ್ಟೂ ತರ್ರಿ" ಎಂದರು.

ಮರುದಿನ ಡಿಕ್ಕಿಯಲ್ಲಿ ಎಲೆಬುಟ್ಟಿ, ಹಿಂದಿನ ಸೀಟಿನಲ್ಲಿ ಅವ್ವ. ಬುಟ್ಟಿಯನ್ನು ಎತ್ತಿ ನೋಡಿದ ಮಿಸ್ತ್ರಿ, "ಒಣಗ್ಯಾವ್ರಿ, ಖರೇ ತೂಕ ಬರೂದಿಲ್ಲ" ಎಂದು ತಾವೇ ಎಲೆಗೆ ನೀರು ಚಿಮುಕಿಸಿದರು. ಆಮೇಲೆ ಚಕ್ರದ ಮೇಲೆ ಗೇಣು ಹಾಕಿದರು.

"ಅವ್ವಾರ, ಒಮ್ಮೆ ಇಳದು ಹತ್ರಿ."

ಅವ್ವನ ಮೊಣಕಾಲು ನೋವಿನ ವಿಷಯ ನಾನು ಹೇಳಿರಲಿಲ್ಲ. ಅವಳ ತಲೆ ತಾಗದಂತೆ ಬಾಗಿಲ ಚೌಕಟ್ಟಿಗೆ ಅಂಗೈ ಅಡ್ಡ ಹಿಡಿದು, ಮಿಸ್ತ್ರಿ ಅವಳ ಕಾಲನ್ನೇ ನೋಡುತ್ತಿದ್ದರು.

"ನಾಲ್ಕ ಬ್ಯಾಡ್ರಿ, ಎರಡ ಬೆರಳ ಸಾಕು."

ನಾನು ಸಿಡುಕಿದೆ. ಅವರು ಎರಡೇ ಎತ್ತರಿಸಿದರು.

ಮೂರು ವರ್ಷಕ್ಕೆ ಹಿಂಭಾಗ ಮತ್ತೆ ಇಳಿಯಿತು. ಈ ಸಲ ನೆನಪಿಟ್ಟು ಹಸಿ ಎಲೆಯ ಬುಟ್ಟಿಗಳನ್ನೇ ಹೇರಿಕೊಂಡು ಒಬ್ಬನೇ ಹೋದೆ. ಮಿಸ್ತ್ರಿ ಹಿಂದಿನ ಬಾಗಿಲು ತೆರೆದು, ಚೌಕಟ್ಟಿಗೆ ಅಂಗೈ ಹಿಡಿದು ನಿಂತರು.

"ಅವ್ವ ತೀರ್ಕೊಂಡ್ಳ್ರಿ" ಎಂದೆ. "ಈಗ ನಾಲ್ಕ ಬೆರಳ ಎತ್ತಿದ್ರೂ ನಡೀತೈತಿ."

ಬಹಳ ಹೊತ್ತು ಅವರು ಕೈ ತೆಗೆಯಲಿಲ್ಲ. ಆಮೇಲೆ ಸದ್ದಾಗದಂತೆ ಬಾಗಿಲು ಮುಚ್ಚಿದರು.

"ಇವತ್ತ ಬ್ಯಾಡ್ರಿ. ಗಾಡಿ ಖಾಲಿ ಐತಿ."