ಧಾರಾವಾಹಿಯ ಸೊಸೆಗೆ ನಾನು ಕಟ್ಟಿದ ಮಲ್ಲಿಗೆ

ಟಿವಿಯಲ್ಲಿ ಬರುವ ಹೆಣ್ಣೊಬ್ಬಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯೇ. ಆದರೂ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಸಂಜೆ ಏಳೂವರೆಯ ಧಾರಾವಾಹಿಯ ಸೊಸೆ ಅವಳು. ಅಂಬಲಪಾಡಿಯ ನಮ್ಮ ಮನೆಯಲ್ಲಿ ಅತ್ತೆ ಆ ಹೊತ್ತಿಗೆ ದೀಪ ಹಚ್ಚಿ, ಕೈ ಒರೆಸಿಕೊಂಡು, ಕುರ್ಚಿಯನ್ನು ಟಿವಿಗೆ ಒಂದು ಮಾರು ಹತ್ತಿರ ಎಳೆದು ಕೂರುತ್ತಾರೆ. ಮರುದಿನ ಬೆಳಿಗ್ಗೆ ಅದೇ ಕಂತು ಮತ್ತೆ ಬರುತ್ತದೆ, ಅದನ್ನೂ ಬಿಡುವುದಿಲ್ಲ. ಅತ್ತೆಯನ್ನು ನಾವು ಮಾಮಿ ಎಂದು ಕರೆಯುವುದು. ಮಾಮಿಯ ತವರು ಕಾರ್ಕಳದ ಪಕ್ಕದ ಕುಕ್ಕುಂದೂರು. ಆ ನಟಿಯೂ ಕಾರ್ಕಳದವಳು ಎಂದು ಯಾರೋ ಹೇಳಿದ್ದೇ ತಡ, ಅವಳು "ನಮ್ಮ ಹುಡುಗಿ" ಆಗಿಬಿಟ್ಟಳು.

"ಅತ್ತೆಗೆ ಕಾಫಿ ಕೊಡುವುದು ನೋಡು. ಎಷ್ಟು ನಯ."

"ಆ ಲೋಟದಲ್ಲಿ ಕಾಫಿಯೇ ಇಲ್ಲ ಮಾಮಿ. ಇದ್ದಿದ್ದರೆ ಅವಳು ತಿರುಗಿದ ರಭಸಕ್ಕೆ ಸೀರೆಗೆಲ್ಲ ಚೆಲ್ಲುತ್ತಿತ್ತು."

"ನಿನಗೆ ಎಲ್ಲದರಲ್ಲಿಯೂ ಕೊರತೆಯೇ ಕಾಣುವುದು."

ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮಾಮಿ ನನ್ನನ್ನು ಬೈದದ್ದು ಕಡಿಮೆ, ಹೊಗಳಿದ್ದು ಇಲ್ಲವೇ ಇಲ್ಲ. ಅವರಿಗೆ ಹೊಗಳಿ ಅಭ್ಯಾಸವಿಲ್ಲ ಎಂದುಕೊಂಡು ನಾನೂ ನೆಮ್ಮದಿಯಿಂದ ಇದ್ದೆ. ಈ ಹುಡುಗಿ ಬಂದ ಮೇಲೆ ತಿಳಿಯಿತು, ಅಭ್ಯಾಸ ಧಾರಾಳವಾಗಿ ಉಂಟು, ನನ್ನ ಪಾಲಿಗೆ ಇಲ್ಲ ಅಷ್ಟೆ. ಅವಳು ಬಾಗಿಲು ತೆಗೆದರೂ ಚಂದ, ಅತ್ತರೂ ಚಂದ. ಆ "ಚಂದ" ಎಂಬ ಒಂದು ಮಾತು ನನ್ನ ಯಾವುದಾದರೂ ಒಂದು ಕೆಲಸಕ್ಕೆ ಬೀಳಲಿ ಎಂದು ನಾನು ಒಳಗೊಳಗೆ ಕಾಯತೊಡಗಿದೆ.

ನನಗೆ ಬರುವ ಕೆಲಸವೆಂದರೆ ಹೂ ಕಟ್ಟುವುದು. ಟೆರೇಸಿನ ಕುಂಡಗಳಲ್ಲಿ ಮಲ್ಲಿಗೆ ಬೆಳೆಸಿದ್ದೇನೆ. ಬೆಳಗಾಗುವಾಗ ಮೊಗ್ಗು ಕೊಯ್ದು, ಒದ್ದೆ ಮಾಡಿದ ಬಾಳೆನಾರಿನಲ್ಲಿ ಕಟ್ಟಿ, ಮಾಮಿಯ ಮುಡಿಗೆ ಒಂದು ತುಂಡು ತೆಗೆದಿಟ್ಟು, ಉಳಿದದ್ದನ್ನು ಚೆಂಡು ಸುತ್ತಿ ಹೂವಿನವನಿಗೆ ಕಳುಹಿಸುತ್ತೇನೆ. ಕಟ್ಟುವ ಹೊತ್ತಿಗೆ ಸರಿಯಾಗಿ ಆ ಹಳೆಯ ಕಂತು ಬರುತ್ತಿರುತ್ತದೆ. ಕಣ್ಣು ಅವಳ ಮೇಲೆ, ಕೈ ಹೂವಿನ ಮೇಲೆ. ಅವಳನ್ನು ಮಾಮಿಗಿಂತ ಹೆಚ್ಚು ಗಮನವಿಟ್ಟು ನೋಡುವವಳು ನಾನೇ ಇರಬೇಕು.

ಕಳೆದ ವರ್ಷ ಕಾಪುವಿನ ಹೆದ್ದಾರಿ ಬದಿಯಲ್ಲಿ ಹೊಸ ಸೀರೆ ಅಂಗಡಿ ತೆರೆದರು. ಉದ್ಘಾಟನೆಗೆ ಅವಳೇ ಬರುತ್ತಾಳೆಂದು ಸುದ್ದಿ. ಮಾಮಿ ಹಿಂದಿನ ದಿನವೇ ಸೀರೆ ಇಸ್ತ್ರಿ ಮಾಡಿಸಿಟ್ಟರು. ಮಣಿಪಾಲದಲ್ಲಿ ಓದುವ ಮಗಳು ಅಂದು ಕ್ಲಾಸು ತಪ್ಪಿಸಿ ನಮ್ಮ ಜೊತೆ ಬಂದಳು. ಅವಳಿಗೆ ನಟಿಯ ಮೇಲೆ ಅಂಥ ಆಸಕ್ತಿಯೇನೂ ಇಲ್ಲ. ಅಲ್ಲಿ ಹಾಡಲು ಬರುವ ಬ್ಯಾಂಡಿನ ಹುಡುಗರನ್ನು ನೋಡಬೇಕಿತ್ತು.

ಆ ಹುಡುಗರ ಹಾಡು ನನಗೂ ಕೆಟ್ಟದೆನಿಸಲಿಲ್ಲ, ಕಾಲು ತಾಳ ಹಾಕಿತು. ಆದರೆ ಮುಖ್ಯ ಗಾಯಕ ಕುಣಿಯುತ್ತಾ ಮೈಕನ್ನು ಸೊಂಟದ ಹತ್ತಿರ ಇಳಿಸಿದಾಗಲೂ ಧ್ವನಿ ಮಾತ್ರ ಹಾಗೆಯೇ ಕೇಳುತ್ತಿತ್ತು. ಶನಿವಾರದ ಭಜನೆಯಲ್ಲಿ ನನ್ನ ಸ್ವರ ಒಡೆದರೆ ಇಡೀ ಸಾಲು ತಿರುಗಿ ನೋಡುತ್ತದೆ.

"ಅವನು ಬಾಯಿ ಮುಚ್ಚಿದರೂ ಹಾಡುತ್ತಾನಲ್ಲ" ಎಂದೆ.

"ಅಮ್ಮ, ಅದು ಟ್ರ್ಯಾಕ್, ಮೊದಲೇ ರೆಕಾರ್ಡ್ ಮಾಡಿದ್ದು. ಎಲ್ಲರಿಗೂ ಗೊತ್ತುಂಟು. ನೀನು ಸುಮ್ಮನೆ ನೋಡು ಮಾರಾಯ್ತಿ."

ಎಲ್ಲರಿಗೂ ಗೊತ್ತಿದ್ದರೆ ಚಪ್ಪಾಳೆ ಯಾಕೆ ಎಂದು ಕೇಳಬೇಕೆನಿಸಿತು.

ಆಮೇಲೆ ಅವಳು ಬಂದಳು. ರಿಬ್ಬನ್ ಕತ್ತರಿಸಿಯಾದ ಮೇಲೆ ನಿರೂಪಕ ಒಂದು ಆಟ ಹೂಡಿದ. ನಟಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲ್ಲಿಗೆ ಕಟ್ಟುತ್ತಾಳೆ, ಅವಳ ಎದುರಿಗೆ ಕೂರುವ ಧೈರ್ಯ ಯಾರಿಗುಂಟು, ಅಂತ. ಜನ ನಕ್ಕರು. ನಾನು ಎದ್ದು ನಿಂತಿದ್ದೆ.

"ಎಂತ, ನೀನು ಹೋಗುವುದಾ?" ಮಾಮಿ ನನ್ನ ಸೆರಗು ಹಿಡಿದರು. "ಅವಳ ಮರ್ಯಾದೆ ತೆಗೆಯಬೇಡ."

ಆ ಮಾತು ಕೇಳಿದ ಮೇಲೆ ಹೋಗದೆ ಇರಲು ಸಾಧ್ಯವಿರಲಿಲ್ಲ.

ಅಂಗಡಿಯವರು ಒಣನಾರು ಇಟ್ಟಿದ್ದರು. ಒಣನಾರು ಮೊಗ್ಗಿನ ತೊಟ್ಟನ್ನು ಕತ್ತರಿಸಿಬಿಡುತ್ತದೆ. ಕುಡಿಯುವ ನೀರಿನ ಬಾಟಲಿ ಕೇಳಿ ತೆಗೆದುಕೊಂಡು ನನ್ನದನ್ನು ಒದ್ದೆ ಮಾಡಿಕೊಂಡೆ, ಅವಳಿಗೆ ಹೇಳಲಿಲ್ಲ. ಹೇಳಬಹುದಿತ್ತು. ಕಣ್ಣಿಗೆ ಬಟ್ಟೆ ಬಂದರೂ ನನಗೆ ವ್ಯತ್ಯಾಸವೇನೂ ಆಗಲಿಲ್ಲ, ದಿನವೂ ಹೂವನ್ನು ನೋಡಿ ಕಟ್ಟಿದವಳಲ್ಲವಲ್ಲ. ಬೆರಳು ತನ್ನಷ್ಟಕ್ಕೆ ನಡೆಯಿತು. ಆದರೆ ಚಪ್ಪಾಳೆ ಬೀಳುತ್ತಿದ್ದದ್ದು ಆಚೆ ಬದಿಗೆ. ಅವಳು ನಾಲ್ಕು ಮೊಗ್ಗು ಕಟ್ಟಿ ಆರು ಬೀಳಿಸಿ, "ಅಯ್ಯೋ, ಹೋಯ್ತು" ಎಂದು ನಗುತ್ತಿದ್ದಳು. ಜನರೂ ಅವಳೊಂದಿಗೆ ನಗುತ್ತಿದ್ದರು. ನಾನು ಓಡುತ್ತಿದ್ದೇನೆ, ಅವಳು ಓಡುತ್ತಲೇ ಇಲ್ಲ ಎಂದು ಬಟ್ಟೆಯೊಳಗೆ ಅರ್ಥವಾಯಿತು. ಕೈ ಮಾತ್ರ ನಿಲ್ಲಲಿಲ್ಲ.

ಬಟ್ಟೆ ಬಿಚ್ಚಿದಾಗ ನನ್ನ ಮಡಿಲಲ್ಲಿ ಒಂದು ಗೇಣಿಗೂ ಮಿಕ್ಕಿದ ಮಾಲೆ. ನಿರೂಪಕ, "ಅಕ್ಕ ಇದನ್ನು ನಮ್ಮ ಸ್ಟಾರಿಗೇ ಮುಡಿಸುತ್ತಾರೆ" ಎಂದು ತಾನೇ ತೀರ್ಮಾನಿಸಿಬಿಟ್ಟ. ಮುಡಿಸಿದೆ. ಹತ್ತಿರದಿಂದ ಕಂಡಳು. ಅರ್ಧ ಕೂದಲು ಅವಳದಲ್ಲ, ಪಿನ್ನು ಹಾಕಿ ಸೇರಿಸಿದ್ದು. ಕುತ್ತಿಗೆಯಿಂದ ತಲೆನೋವಿನ ಮುಲಾಮಿನ ವಾಸನೆ. ಇದನ್ನು ಮಾಮಿಗೆ ಹೇಳಬೇಕು ಎಂದು ಖುಷಿಪಡುತ್ತಿರುವಾಗಲೇ ಅವಳು ಮೆಲ್ಲಗೆ, "ಅಕ್ಕ, ಎಷ್ಟು ಒತ್ತಾಗಿ ಕಟ್ಟಿದ್ದೀರಿ. ನನ್ನ ಅಜ್ಜಿ ಹೀಗೆ ಕಟ್ಟುತ್ತಿದ್ದರು" ಎಂದಳು. ಮೈಕು ಅವಳ ಕೈಯಲ್ಲಿರಲಿಲ್ಲ. ಯಾರಿಗೂ ಕೇಳಿಸಲಿಕ್ಕೆಂದು ಹೇಳಿದ್ದಲ್ಲ. ಅದೇ ನನಗೆ ಇನ್ನಷ್ಟು ಕಿರಿಕಿರಿಯಾಯಿತು. ಒಳ್ಳೆಯವಳೂ ಆಗಿರಬೇಕಿತ್ತೇ?

ಕೆಳಗಿಳಿದು ಬಂದಾಗ ಮಾಮಿ ಮುಂದಿನ ಸಾಲಿಗೆ ಬಂದು, ಹೂ ಕಟ್ಟಿದವಳ ಅತ್ತೆ ತಾನೆಂದು ನಟಿಗೆ ಪರಿಚಯ ಹೇಳಿಕೊಳ್ಳುತ್ತಿದ್ದರು. ನಟಿ ಅವರ ಕೈ ಹಿಡಿದು, "ಅಜ್ಜಿ, ನಿಮ್ಮ ಸೊಸೆಯ ಕೈ ಚಂದ ಉಂಟು" ಎಂದು ಹೇಳಿ ಕಾರಿನ ಕಡೆಗೆ ಹೋದಳು.

ಬಸ್ಸಿನಲ್ಲಿ ಕೂತ ಕೂಡಲೇ ಮಾಮಿ ಕುಕ್ಕುಂದೂರಿನ ತಂಗಿಗೆ ಫೋನು ಹಚ್ಚಿದರು. "ನನ್ನ ಕೈ ಹಿಡಿದೇ ಹೇಳಿದಳು. ನಿಮ್ಮ ಸೊಸೆಯ ಕೈ ಚಂದ ಅಂತ. ಅವಳು ಸುಮ್ಮನೆ ಹೇಳುವವಳಲ್ಲ ಮಾರಾಯ್ತಿ."

ನಾನು ಕಾಯುತ್ತಿದ್ದ ಮಾತು ಮಾಮಿಯ ಬಾಯಿಂದ ಬಂತು. ಆದರೆ ಅದು ಆ ಹುಡುಗಿಯದು. ಫೋನು ಇಟ್ಟ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವಳು ಹೇಳಿದ್ದು ಬಿಡಿ. ನೀವು ಎಂತ ಹೇಳ್ತೀರಿ ಮಾಮಿ?"

ಮುಂದಿನ ಸೀಟಿನಲ್ಲಿದ್ದ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಮಾಮಿ ಕಿಟಕಿಯಾಚೆ ನೋಡಿದರು.

"ನಾನು ಹೇಳಲಿಕ್ಕೆ ಎಂತ ಉಂಟು? ಇಷ್ಟು ವರ್ಷದಲ್ಲಿ ನಾನು ಬೇರೆಯವರು ಕಟ್ಟಿದ ಹೂವು ಮುಡಿದದ್ದು ನೋಡಿದ್ದೀಯಾ?"

ನಾನು ಅವರ ಮುಡಿಯ ಕಡೆ ನೋಡಿದೆ, ಬೆಳಿಗ್ಗೆ ನಾನು ಕಟ್ಟಿದ ತುಂಡು ಅಲ್ಲೇ ಇತ್ತು. ಅಷ್ಟರಲ್ಲಿ ಮಾಮಿಯೇ ಮುಂದುವರಿಸಿದರು.

"ಅವಳ ಹಾಗೆ ಸ್ವಲ್ಪ ನಗುತ್ತಾ ಕೊಟ್ಟರೆ ಇನ್ನೂ ಚಂದ."

ಮಗಳು ಮುಖ ತಿರುಗಿಸಿ ಭುಜ ಕುಲುಕಿಸಿ ನಕ್ಕಳು. ನಾನು ಕೈ ಚಾಚಿ ಆ ಇಯರ್‌ಫೋನನ್ನು ಅವಳ ಕಿವಿಗೇ ವಾಪಸು ತುರುಕಿದೆ.