ಗುರುವಾರದ ಸಕ್ಕರೆ

ಗಂಡ ತೀರಿಕೊಂಡ ಮೇಲೆ ಅವರ ಬಟ್ಟೆಗಳ ಕೆಳಗೆ ಒಂದು ಕಾದಂಬರಿ ಸಿಕ್ಕಿತು. ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಬೈಂಡು ಹಾಕಿತ್ತು. ಪೇಪರ್ ಬಿಟ್ಟರೆ ಬೇರೇನೂ ಓದದ ಮನುಷ್ಯ ಅವರು. ಮೊದಲ ಪುಟದಲ್ಲಿ ಬೇರೆ ಯಾರದೋ ಕೈಬರಹ: ‘ಓದಿ ವಾಪಸ್ ಕೊಡಿ. ದರ್ಗಾ ಹತ್ತಿರ, ತರೀಕೆರೆ.’

ತರೀಕೆರೆ ಎಂಬುದನ್ನು ಇನ್ನೊಮ್ಮೆ ಓದಿದೆ. ಕೆಲಸದಿಂದ ನಿವೃತ್ತರಾದ ಮೇಲೆ ಪ್ರತಿ ಗುರುವಾರ ಅವರು ಅಜ್ಜಂಪುರದಲ್ಲಿ ತರೀಕೆರೆ ಬಸ್ಸು ಹತ್ತುತ್ತಿದ್ದರು. ಕೇಳಿದರೆ ‘ಸ್ವಲ್ಪ ಕೆಲ್ಸ ಐತೆ ಕಣೇ’ ಅನ್ನುವರು. ಸಂಜೆ ಬಂದು ಒಂದು ಪೊಟ್ಟಣ ಸಕ್ಕರೆ ಅಡುಗೆಮನೆಯ ಕಟ್ಟೆಯ ಮೇಲೆ ಇಡುವರು. ಮನೆಯ ಡಬ್ಬಿ ತುಂಬ ಸಕ್ಕರೆ ಇರುವಾಗ ಇದೇಕೆ? ಅಲ್ಲಿ ಯಾವಳೋ ಇದ್ದಾಳೆ, ಮಾಟ ಮಾಡಿಸಿ ಕಳಿಸುತ್ತಿದ್ದಾಳೆ ಎಂದೇ ತೀರ್ಮಾನಿಸಿದ್ದೆ. ಒಂದು ಸಲವೂ ಬಾಯಿಗೆ ಹಾಕಲಿಲ್ಲ. ಅವರು ಕೈಕಾಲು ತೊಳೆಯಲು ಹೋದಾಗ ಹಿತ್ತಿಲ ಇರುವೆ ಗೂಡಿಗೆ ಸುರಿದು ಬರುತ್ತಿದ್ದೆ.

ಸಾಕ್ಷಿ ಸಿಗಲಿ ಅಂತಲೇ ಕಾದಂಬರಿ ಓದಿದೆ. ಏಳನೇ ಕ್ಲಾಸಿನವಳು ನಾನು, ಹದಿನೈದು ದಿನ ಹಿಡಿಯಿತು. ಅದರಲ್ಲಿ ಹಾಸಿಗೆಗೆ ಹತ್ತಿ ಹಿಂಜುವ ಒಬ್ಬ ಸೂಫಿ ಮುದುಕ. ಮನೆಯವರನ್ನೆಲ್ಲ ಕಳೆದುಕೊಂಡ ಹುಡುಗಿಗೆ ಅವನೇ ಗುರು. ಉಪದೇಶ ಕೇಳಲು ಬಂದವಳ ಮುಂದೆ ಹತ್ತಿ ಹಾಕಿ, ಕಸ ಆರಿಸು ಅನ್ನುತ್ತಾನೆ. ಊರವರು ಕಳ್ಳ ಅಂದರೂ ಸುಮ್ಮನಿರುತ್ತಾನೆ. ಮಾಡಿದ ಒಳ್ಳೆಯದನ್ನು ಹೇಳಿಕೊಂಡರೆ ಅದು ಕರಗಿ ಹೋಗುತ್ತದೆ, ಅದಕ್ಕಿಂತ ಬೈಸಿಕೊಳ್ಳುವುದು ಮೇಲು ಎಂಬುದು ಅವನ ಮಾತು. ಆ ಸಾಲಿನ ಕೆಳಗೆ ನನ್ನವರ ಪೆನ್ಸಿಲ್ ಗೆರೆ, ಎರಡು ಸಲ ಎಳೆದದ್ದು.

ಆ ಮುದುಕನ ಮೇಲೂ ನನಗೆ ನಂಬಿಕೆ ಬರಲಿಲ್ಲ. ಅವನಿಗೆ ಎಲ್ಲರ ಹಾಗೆ ಹಲ್ಲುನೋವಿಲ್ಲ, ಸಿಟ್ಟಿಲ್ಲ. ತಪ್ಪು ಮಾಡಿದವರಿಗೆ ಇಂಥ ಮಾತು ಬಹಳ ಅನುಕೂಲ ಅಂದುಕೊಂಡೆ.

ಮುಂದಿನ ಗುರುವಾರ ಪುಸ್ತಕ ಹಿಡಿದು ಹೋದೆ. ದರ್ಗಾ ನೋಡಿಕೊಳ್ಳುವ ಮುಜಾವರ್ ಪುಸ್ತಕ ಕಂಡ ಕೂಡಲೇ ಎದ್ದರು.

‘ಯಜಮಾನ್ರು ಎಲ್ಲಮ್ಮ? ಎರಡ್ ತಿಂಗ್ಳಾಯ್ತು ಬರ್ದೆ.’

ಹೇಳಿದೆ. ಅವರು ಚಾಪೆ ಹಾಸಿ ಕೂರಿಸಿದರು.

‘ಇಲ್ಲಿ ಯಾರನ್ನ ನೋಡೋಕೆ ಬತ್ತಿದ್ರು ಸಾಬ್ರೇ? ಮುಚ್ಚಿಡಬ್ಯಾಡಿ.’

‘ಯಾರ್ನೂ ಇಲ್ಲಮ್ಮ. ಸಕ್ಕರೆ ಓದಿಸ್ಕೊಂಡು ಹೋಗೋರು.’

ಆ ಪದ್ಧತಿ ನನಗೂ ಗೊತ್ತು. ಸಕ್ಕರೆ ಒಯ್ದು ಒಬ್ಬರ ಹೆಸರು ಹೇಳಿದರೆ, ಅವರಿಗಾಗಿ ಪ್ರಾರ್ಥಿಸಿ ವಾಪಸ್ ಕೊಡುತ್ತಾರೆ. ಮಠಕ್ಕೆ ನಡೆದುಕೊಳ್ಳುವ ನಮ್ಮಂಥ ಮನೆಗಳಿಂದಲೂ ಕೆಲವರು ಹೋಗುತ್ತಾರೆ.

‘ಯಾರ ಹೆಸರಲ್ಲಿ?’

‘ಹೆಸರೇ ಇರ್ಲಿಲ್ಲ. ನಾಮಕರಣಕ್ಕೆ ಮೊದ್ಲೇ ಹೋದ ಮಗು ಅಂತಿದ್ರು. ಅದರ ತಾಯಿಗೂ ಸೇರಿಸಿ ಓದಿ ಅನ್ನೋರು.’

ಮೂರು ದಿನ ಬದುಕಿದ ನಮ್ಮ ಕೂಸು. ಮೂವತ್ತು ವರ್ಷದ ಹಿಂದಿನ ಮಾತು. ಅದರ ಸುದ್ದಿ ಈ ಮನೆಯಲ್ಲಿ ಎತ್ತಬೇಡಿ ಎಂದು ಅವತ್ತು ಆಣೆ ಹಾಕಿಸಿಕೊಂಡವಳು ನಾನೇ.

‘ಒಂದಿನ ಬಂದು, ನಮ್ಮನೆಯವಳು ಸಕ್ಕರೆನ ಇರುವೆಗೆ ಹಾಕ್ತಾಳೆ ಸಾಬ್ರೇ, ಏನ್ಮಾಡ್ಲಿ ಅಂದ್ರು,’ ಎಂದರು ಮುಜಾವರ್. ‘ಹಾಕ್ಲಿ ಬಿಡ್ರೀ, ಇರುವೆನೂ ತಿನ್ಲಿ ಅಂದೆ. ನಕ್ಕರು. ಈ ಪುಸ್ತಕ ಕೊಟ್ಟಿದ್ದು ಅವತ್ತೇ.’

ನನ್ನವರಿಗೆ ಗೊತ್ತಿತ್ತು. ಗೊತ್ತಿದ್ದೂ ತಂದರು. ನನಗೆ ಅಳು ಬರುವ ಮೊದಲು ಆ ಹತ್ತಿ ಹಿಂಜುವವನ ಮೇಲೆ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಏನು ಕರಗಿ ಹೋಗುತ್ತಿತ್ತು? ಇಬ್ಬರೂ ಕೂತು ಒಂದು ದಿನ ಅಳಬಹುದಿತ್ತು.

ಪುಸ್ತಕ ಕೊಟ್ಟೆ. ಎದುರಿನ ಅಂಗಡಿಯಲ್ಲಿ ಸಕ್ಕರೆ ತಂದು ಓದಿಸಿದೆ. ಈ ಸಲ ಹೇಳಲು ಒಂದು ಹೆಸರಿತ್ತು, ನನ್ನವರದು. ಅದರ ಜೊತೆಗೆ ಕೂಸಿಗೂ ಓದಿ ಅಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಪೊಟ್ಟಣ ನೋಡಿ, ‘ಏನಕ್ಕ ಅದು?’ ಅಂದಳು.

‘ಓದಿಸಿದ ಸಕ್ಕರೆ. ತಗೊಳ್ಳಿ.’

ಅವಳು ಪೊಟ್ಟಣ ನೋಡಿದಳು, ನನ್ನ ಬರಿಗೊರಳು ನೋಡಿದಳು, ಚಾಚಿದ್ದ ಕೈ ಹಿಂದೆ ತೆಗೆದಳು. ‘ಬ್ಯಾಡ ಕಣಕ್ಕ, ನಂಗೆ ಶುಗರ್ರು.’

ಆ ನೋಟ ನನಗೆ ಚೆನ್ನಾಗಿ ಗೊತ್ತು; ಗುರುವಾರದ ಪೊಟ್ಟಣವನ್ನು ನಾನೂ ಹಾಗೇ ನೋಡುತ್ತಿದ್ದೆ. ಅವಳ ಎದುರಿಗೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ.