ಬೀಗದಕ್ಕನ ಹಲಗೆ

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ಸಾಬೂನು ಕಾರ್ಖಾನೆಯ ಬಾಗಿಲು ತೆಗೆದವರೇ ಬೀಗದಕ್ಕ ನೇರ ಗೋಡೆಯ ಹಲಗೆಯತ್ತ ನಡೆಯುತ್ತಾರೆ. ಮೊಳೆಗೊಂದರಂತೆ ಬೀಗಗಳು, ಬೀಗಕ್ಕೊಂದು ಬಣ್ಣದ ದಾರ. ಒಂದೊಂದನ್ನೂ ಒರೆಸಿ, ಕೀಲಿ ತಿರುಗಿಸಿ ನೋಡುತ್ತಾರೆ. ಎಡಗೈಯಲ್ಲಿ ಎರಡು ಬೆರಳಿಲ್ಲ. ಆದರೂ ಕೈ ಚುರುಕು.

ಸಾಬೂನು ಕಲಸುವ ಆಳೆತ್ತರದ ತೊಟ್ಟಿಗೆ ಇಳಿದು ಕೆರೆಯುವವರು ಮೊದಲು ಒಳಗಿನ ಕಲಸುವ ಯಂತ್ರ ತಿರುಗದಂತೆ ಅದರ ಸ್ವಿಚ್ಚಿಗೆ ತಮ್ಮ ಬೀಗ ಹಾಕಬೇಕು, ಹೊರಬಂದು ತಾವೇ ತೆಗೆಯಬೇಕು. ಒಬ್ಬರ ಬೀಗ ಇನ್ನೊಬ್ಬರು ಮುಟ್ಟುವಂತಿಲ್ಲ. ಇದನ್ನು ಕಾಯುವುದೇ ಅಕ್ಕನ ಕೆಲಸ.

ಬೆರಳು ಹೋದದ್ದು ಹಿಂದೆ ದುಡಿಯುತ್ತಿದ್ದ ಕಡೆ. "ನಾನು ಯಂತ್ರ ಒರೆಸ್ತಿದ್ದೆ, ಯಾರೋ ಸ್ವಿಚ್ ಹಾಕಿದ್ರು. ಆಸ್ಪತ್ರೆಗೆ ಬಂದ ಮಾಲೀಕರು 'ಮೈಮೇಲೆ ಎಚ್ಚರ ಬೇಡ್ವಾ' ಅಂದ್ರು. ಗಾಯದ ಮೇಲೆ ಬರೆ!" ಎಂದು ನಗುತ್ತಾರೆ.

ಈಗಿನ ಮಾಲೀಕರನ್ನೂ ಅವರು ಅಟ್ಟಕ್ಕೇನೂ ಏರಿಸುವುದಿಲ್ಲ. "ಸಿಟ್ಟು ಮೂಗಿನ ತುದೀಲೇ ಇರುತ್ತೆ. ಆದ್ರೆ ಹೇಳಿದ್ದನ್ನ ಕಿವಿಗೆ ಹಾಕ್ಕೋತಾರೆ."

ಅದಕ್ಕೆ ಕಾರಣವೂ ಉಂಟು. ತೊಟ್ಟಿಗೆ ಇಳಿಯುವವರು ಚಪ್ಪಲಿಯನ್ನು ಹೊರಗೆ ಬಿಡುವುದು ಹಳೆಯ ರೂಢಿ. ಚಪ್ಪಲಿ ಇಲ್ಲವೆಂದರೆ ಒಳಗೆ ಯಾರೂ ಇಲ್ಲವೆಂದೇ ಲೆಕ್ಕ. ಮಾಲೀಕರು ಎಲ್ಲರಿಗೂ ಹೊಸ ಬೂಟು ಕೊಡಿಸಿದ ಮರುದಿನ ತೊಟ್ಟಿ ಕೆರೆಯುವ ಗಡ್ಡದಣ್ಣ ಬೂಟು ಹಾಕಿಕೊಂಡೇ ತೊಟ್ಟಿಗೆ ಇಳಿದ. ಹೊರಗೆ ಚಪ್ಪಲಿ ಕಾಣಲಿಲ್ಲ. ಸ್ವಿಚ್ಚಿನಲ್ಲಿ ಅವನ ಬೀಗ ಮಾತ್ರ ನೇತಾಡುತ್ತಿತ್ತು. ಸಾಬೂನು ಒಯ್ಯಲು ಬಂದ ಲಾರಿ ಬಾಗಿಲಲ್ಲಿ ಕಾಯುತ್ತಿತ್ತು.

"ಬೀಗ ಮರೆತು ಚಹಾಕ್ಕೆ ಹೋಗಿರ್ತಾನೆ, ಒಡೀರಿ," ಎಂದು ಮಾಲೀಕರು ತೊಟ್ಟಿಯೊಳಗೆ ಇಣುಕದೆಯೇ ಗುಡುಗಿದರು.

ಅಕ್ಕ ಸ್ವಿಚ್ಚಿಗೆ ಬೆನ್ನುಕೊಟ್ಟು ನಿಂತರು. "ಆಸಾಮಿ ನನ್ನ ಕಣ್ಮುಂದೆ ಬಂದು ನಿಲ್ಲಲಿ ಸಾರ್. ಆಮೇಲೆ ಬೀಗಾನೂ ಒಡೀರಿ, ನನ್ನೂ ಕೆಲಸದಿಂದ ತೆಗೀರಿ."

ಗಲಾಟೆ ಜೋರಾಯಿತು. ತೊಟ್ಟಿಯ ಅಂಚಿನಲ್ಲಿ ನೊರೆ ಮೆತ್ತಿದ ಒಂದು ಗಡ್ಡ ಮೇಲೆದ್ದಿತು. "ಏನಕ್ಕಾ, ಯಾರ ಜಗಳ?"

ಮಾಲೀಕರು ಅಕ್ಕನಿಗೆ ಕೈಮುಗಿದರು. ಮರುದಿನ ತಾವೂ ಒಂದು ಬೀಗ ತಂದರು. ಅಂದಿನಿಂದ ತೊಟ್ಟಿ ತೊಳೆಯುವಾಗ ಮೊದಲು ಬೀಳುವುದು ಅವರ ಬೀಗ. ತೊಟ್ಟಿಯೊಳಗೆ ಖುದ್ದು ಇಣುಕಿ ನೋಡಿ, ಎಲ್ಲರಿಗಿಂತ ಕೊನೆಗೆ ತೆಗೆಯುತ್ತಾರೆ. ಯಂತ್ರ ನಿಂತ ಹೊತ್ತಿಗೆಂದು ಯಾರ ಕೂಲಿಯನ್ನೂ ಮುರಿದುಕೊಳ್ಳುವುದಿಲ್ಲ.

"ನನ್ನ ಮಾತು ನಡೆಸಿಕೊಟ್ರಲ್ಲ, ಆ ಋಣ ದೊಡ್ಡದು," ಎನ್ನುತ್ತಾರೆ ಅಕ್ಕ. ಗಡ್ಡದಣ್ಣನ ಹೆಂಡತಿ ಹೇಳುವ ಋಣವೇ ಬೇರೆ. ಅವಳು ಇವತ್ತಿಗೂ ಬುತ್ತಿಯಲ್ಲಿ ಅಕ್ಕನಿಗೆಂದು ಒಂದು ಪಾಲು ಕಟ್ಟಿ ಕಳಿಸುತ್ತಾಳೆ.

ಸಂಜೆ ಬೀಗಗಳು ಒಂದೊಂದಾಗಿ ಮೊಳೆಗೆ ಮರಳುತ್ತವೆ. "ಹೋಗಿ ಬರ್ತೀನಕ್ಕಾ," ಎನ್ನುತ್ತಾನೆ ಗಡ್ಡದಣ್ಣ. ಅಕ್ಕ ಅವನ ದಾರ ಸರಿಪಡಿಸಿ, ಹಲಗೆಯನ್ನೊಮ್ಮೆ ನೋಡುತ್ತಾರೆ. ಒಂದು ಮೊಳೆಯೂ ಖಾಲಿಯಿಲ್ಲ.

"ಬೆಳಿಗ್ಗೆ ಮನೆಯೋರು ಹೋಗಿ ಬಾ ಅಂತ ಕಳಿಸಿರ್ತಾರೆ. ಹೇಗೆ ಕಳಿಸಿದ್ರೋ ಹಾಗೇ ವಾಪಸ್ ಕೊಟ್ವಿ. ಇನ್ನೇನು ಬೇಕು ನನಗೆ?"